ದೀಪ ಹಚ್ಚುವ ಹೊತ್ತಿಗೆ ಆಮ್‌ಸ್ಟರ್‌ಡಾಮ್: ಕಾಲುವೆಗಳ ದಂಡೆಯಲ್ಲಿ ಒಂದು ಸಂಜೆ ನಡೆಯುವುದು ಹೇಗೆ

ಊರಿನಿಂದ ಯಾರೇ ಬರಲಿ, ಆಮ್‌ಸ್ಟರ್‌ಡಾಮ್ ನೋಡುವುದಕ್ಕೆ ಬೆಳಿಗ್ಗೆ ಒಂಬತ್ತಕ್ಕೇ ಹೊರಟುಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತಿರುತ್ತದೆ, ಗದ್ದಲ ತಲೆಗೇರಿರುತ್ತದೆ. ಸಂಜೆ ಆರಕ್ಕೆ ರೈಲು ಹತ್ತಿ ವಾಪಸ್. ಈ ಊರು ತೆರೆದುಕೊಳ್ಳುವುದೇ ಆಮೇಲೆ. ಸೂರ್ಯ ಮುಳುಗಿ, ಬೀದಿದೀಪ ಹತ್ತಿ, ಆಕಾಶ ಇನ್ನೂ ಕಪ್ಪಾಗದೆ ಗಾಢ ನೀಲಿಯಲ್ಲಿ ನಿಂತಿರುವ ಸುಮಾರು ಒಂದು ಗಂಟೆ ಇದೆಯಲ್ಲ, ಆ ಹೊತ್ತಿನಲ್ಲಿ ಕಾಲುವೆಯ ಪಕ್ಕ ಇರಬೇಕು. ಮಿಕ್ಕಿದ್ದೆಲ್ಲವನ್ನೂ ಆ ಒಂದು ಗಂಟೆಯ ಸುತ್ತ ಹೊಂದಿಸಿಕೊಳ್ಳಬೇಕು. ನಾನಿರುವುದು ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ. ಬಂದ ನೆಂಟರನ್ನೆಲ್ಲ ನಾನು ಕರೆದುಕೊಂಡು ಹೋಗುವುದು ಇದೇ ದಾರಿಯಲ್ಲಿ. ಸುಮಾರು ಐದು ಕಿಲೋಮೀಟರ್. ನಿಂತು, ಕೂತು, ಏನಾದರೂ ತಿಂದು ಮುಗಿಸುವಷ್ಟರಲ್ಲಿ ಮೂರು ಗಂಟೆ ಹಿಡಿಯುತ್ತದೆ.

ಮೊದಲು ಸೂರ್ಯಾಸ್ತ ನೋಡಿ, ಆಮೇಲೆ ಗಡಿಯಾರ

ನಮ್ಮ ಕಡೆಯಿಂದ ಬಂದವರು ಎಡವುವುದು ಇಲ್ಲೇ. ಬೆಂಗಳೂರಿನಲ್ಲಿ ವರ್ಷವಿಡೀ ಆರು, ಆರೂ ಮುಕ್ಕಾಲರ ಆಸುಪಾಸಿನಲ್ಲಿ ಕತ್ತಲಾಗುತ್ತದೆ. "ಸಂಜೆ" ಅಂದರೆ ಯಾವಾಗ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ. ಡಿಸೆಂಬರ್ ಮಧ್ಯದಲ್ಲಿ ನಾಲ್ಕೂವರೆಗೇ ಮುಳುಗಿರುತ್ತಾನೆ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ಬರುತ್ತದೆ. ಅಕ್ಟೋಬರ್‌ನ ಆ ಭಾನುವಾರ ಬಂದವರಿಗೆ ಹಿಂದಿನ ದಿನಕ್ಕಿಂತ ಒಂದು ಗಂಟೆ ಬೇಗ ಕತ್ತಲು. ಹಾಗಾಗಿ ನೀವು ಬರುವ ದಿನದ ಸೂರ್ಯಾಸ್ತವನ್ನು ಫೋನಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ.

ಇನ್ನೊಂದು ವ್ಯತ್ಯಾಸ ನಿಮಗೆ ಅನುಕೂಲವೇ. ಬೆಂಗಳೂರಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಇಪ್ಪತ್ತೆರಡು, ಇಪ್ಪತ್ತಮೂರು ನಿಮಿಷಕ್ಕೆ ಮುಸ್ಸಂಜೆ ಮುಗಿದುಹೋಗುತ್ತದೆ. ಇಲ್ಲಿ, 52 ಡಿಗ್ರಿ ಉತ್ತರದಲ್ಲಿ, ಅವನು ಓರೆಯಾಗಿ ಜಾರುತ್ತಾನೆ. ಬೇಸಿಗೆಯಲ್ಲಿ ಮುಳುಗಿ ಮುಕ್ಕಾಲು ಗಂಟೆ ಕಳೆದರೂ ಆಕಾಶದಲ್ಲಿ ಬೆಳಕು ಉಳಿದಿರುತ್ತದೆ. ಅಂದರೆ ಅವಸರ ಮಾಡಬೇಕಿಲ್ಲ. ಬೇಸಿಗೆಯಾದರೆ ಸೂರ್ಯಾಸ್ತಕ್ಕೆ 40 ನಿಮಿಷ ಮುಂಚೆ ಸೆಂಟ್ರಲ್ ಸ್ಟೇಷನ್ ಬಿಡಿ. ಚಳಿಗಾಲದಲ್ಲಿ ನೀಲಿ ಹೊತ್ತು ಗಿಡ್ಡ, ಒಂದು ಗಂಟೆ ಮುಂಚೆ ಬಿಡಿ.

ಯಾವ ತಿಂಗಳು ಒಳ್ಳೆಯದು ಅಂತ ಕೇಳಿದರೆ ನನ್ನ ಉತ್ತರ ಏಪ್ರಿಲ್ ಅಥವಾ ಸೆಪ್ಟೆಂಬರ್. ಆಗ ಎಂಟು ಎಂಟೂವರೆಯ ಹೊತ್ತಿಗೆ ಕತ್ತಲು, ಊಟದ ಸಮಯವೂ ಹೊಂದುತ್ತದೆ. ಏಪ್ರಿಲ್ 27 ಮಾತ್ರ ಬೇಡ. ಅಂದು ರಾಜನ ಹುಟ್ಟುಹಬ್ಬ, ಇಡೀ ಊರು ಕಿತ್ತಳೆ ಬಣ್ಣ ತೊಟ್ಟು ಬೀದಿಯಲ್ಲಿರುತ್ತದೆ. ನೋಡಲೇಬೇಕಾದ ದಿನ ಹೌದು, ಈ ನಡಿಗೆಯ ದಿನವಲ್ಲ. ನವೆಂಬರ್ ಕೊನೆಯಿಂದ ಜನವರಿ ನಡುವೆ ಬಂದರೆ ಕಾಲುವೆಗಳ ಮೇಲೆ ಬೆಳಕಿನ ಕಲಾಕೃತಿಗಳನ್ನಿಡುವ ಲೈಟ್ ಫೆಸ್ಟಿವಲ್ ಇರುತ್ತದೆ, 2012ರಿಂದ ನಡೆಯುತ್ತಿದೆ. ಚಳಿಗೆ ತಕ್ಕ ಬಟ್ಟೆಯಿದ್ದರೆ ಅದೂ ಸೊಗಸು.

ಮೈಮೇಲೆ, ಕಾಲಲ್ಲಿ, ಕೈಯಲ್ಲಿ

ಬೀದಿಗಳಿಗೆ ಹಾಸಿರುವುದು ಇಟ್ಟಿಗೆ. ಮಳೆ ಬಿದ್ದರೆ ಜಾರುತ್ತದೆ. ಹಿಡಿತವಿರುವ ಶೂ ಹಾಕಿ, ಚಪ್ಪಲಿ ಬೇಡ. ಜುಲೈ ತಿಂಗಳಾದರೂ ರಾತ್ರಿ ಹತ್ತಕ್ಕೆ ನೀರಿನ ಮೇಲಿನ ಗಾಳಿ ಕೊರೆಯುತ್ತದೆ, ತೆಳು ಜಾಕೆಟ್ ಬ್ಯಾಗಿನಲ್ಲಿರಲಿ. ಈ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಟೊಪ್ಪಿಗೆಯಿರುವ ರೇನ್‌ಕೋಟ್ ತನ್ನಿ. ಇಲ್ಲಿನವರೆಲ್ಲ ನೋಡುವ ಬೌಯೆನ್‌ರಾಡಾರ್ ಎಂಬ ಮಳೆ ಆ್ಯಪ್ ಹಾಕಿಕೊಂಡರೆ ಮುಂದಿನ ಎರಡು ಗಂಟೆಯಲ್ಲಿ ಮಳೆ ಎಲ್ಲಿ ಬೀಳುತ್ತದೆ ಎಂಬುದು ನಕ್ಷೆಯಲ್ಲೇ ಕಾಣುತ್ತದೆ. ಮಳೆ ನಿಂತ ಮೇಲಿನ ಅರ್ಧ ಗಂಟೆ ಸಿಕ್ಕಿದರೆ ಬಿಡಬೇಡಿ. ಒದ್ದೆ ಇಟ್ಟಿಗೆಯೂ ದೀಪದ ಬೆಳಕು ಹಿಡಿಯುತ್ತದೆ.

ಟ್ರಾಮ್, ಮೆಟ್ರೋಗೆ ಟಿಕೆಟ್ ಕೊಳ್ಳಬೇಕಿಲ್ಲ, ಟ್ಯಾಪ್ ಆಗುವ ಬ್ಯಾಂಕ್ ಕಾರ್ಡ್ ಸಾಕು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಅದೇ ಕಾರ್ಡನ್ನು ಮುಟ್ಟಿಸಬೇಕು. ಒಂದು ಕಾರ್ಡಿಗೆ ಒಬ್ಬರೇ. ಅಪ್ಪ-ಅಮ್ಮ ಜೊತೆಗಿದ್ದರೆ ಅವರವರ ಕಾರ್ಡ್ ಅವರ ಕೈಯಲ್ಲೇ ಇರಲಿ. ಬಹಳಷ್ಟು ಅಂಗಡಿಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ಅವರಿಗೆ ಮೊದಲೇ ಹೇಳಿಡಿ.

ಹೊರಡುವ ಮುಂಚೆ ಸ್ಟೇಷನ್ನಿನಲ್ಲೇ ಟಾಯ್ಲೆಟ್ಟಿಗೆ ಹೋಗಿಬನ್ನಿ. ದಾರಿಯಲ್ಲಿ ಸಾರ್ವಜನಿಕ ಶೌಚಾಲಯ ಕಡಿಮೆ. ಹಸಿರು ಬಣ್ಣದ ಕಬ್ಬಿಣದ ಸುರುಳಿಗಳು ಕಾಣುತ್ತವೆ, ಅವು ಗಂಡಸರಿಗೆ ಮಾತ್ರ. ಹೆಂಗಸರಿಗೆ ಕೆಫೆಯೇ ಗತಿ, ಹಾಗಾಗಿ ನಡುವಿನ ಒಂದು ಚಹಾವನ್ನು ಲೆಕ್ಕ ಹಾಕಿಕೊಂಡೇ ಹೊರಡಿ.

ಇಡೀ ಊರಿನ ಕೀಲಿಕೈ: ಮನೆ ನಂಬರ್

ನಕ್ಷೆ ನೋಡುತ್ತ ನಡೆದರೆ ಕಾಲುವೆ ಕಾಣುವುದಿಲ್ಲ, ಫೋನ್ ಮಾತ್ರ ಕಾಣುತ್ತದೆ. ಅದರ ಬದಲು ಈ ಲೆಕ್ಕ ನೆನಪಿಡಿ.

ಹಳೆಯ ಊರನ್ನು ನಾಲ್ಕು ಕಾಲುವೆಗಳು ಕುದುರೆ ಲಾಳದ ಹಾಗೆ ಒಂದರ ಹೊರಗೊಂದು ಸುತ್ತುವರಿದಿವೆ. ಒಳಗಿನಿಂದ ಹೊರಕ್ಕೆ ಸಿಂಗೆಲ್, ಹೇರೆನ್‌ಗ್ರಾಖ್ತ್, ಕೈಜರ್ಸ್‌ಗ್ರಾಖ್ತ್, ಪ್ರಿನ್ಸೆನ್‌ಗ್ರಾಖ್ತ್. "ಗ್ರಾಖ್ತ್" ಅಂದರೆ ಕಾಲುವೆ, ಅದರ ಮೊದಲ ಅಕ್ಷರವನ್ನು ಇಲ್ಲಿನವರು ಗಂಟಲಿನಿಂದ ಉಜ್ಜಿ ಹೇಳುತ್ತಾರೆ. ಧಣಿಗಳ ಕಾಲುವೆ, ಚಕ್ರವರ್ತಿಯ ಕಾಲುವೆ, ರಾಜಕುಮಾರನ ಕಾಲುವೆ ಎಂದು ಆ ಮೂರು ಹೆಸರುಗಳ ಅರ್ಥ. ಸಿಂಗೆಲ್ ಮೊದಲು ಕೋಟೆಯ ಕಂದಕವಾಗಿತ್ತು. ಊರು ಬೆಳೆದು ಅದು ಸಾಲದಾದಾಗ, 1613ರಿಂದ ಉಳಿದ ಮೂರನ್ನು ಅಗೆಯತೊಡಗಿದರು. ಈ ಇಡೀ ಕಾಲುವೆ ವಲಯ 2010ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಈಗ ಗುಟ್ಟು ಕೇಳಿ. ಈ ಕಾಲುವೆಗಳ ಮನೆ ನಂಬರುಗಳು ವಾಯವ್ಯದ ಬ್ರೌವರ್ಸ್‌ಗ್ರಾಖ್ತ್ ಕಡೆಯಿಂದ ಶುರುವಾಗಿ ಆಮ್‌ಸ್ಟೆಲ್ ನದಿಯ ಕಡೆಗೆ ಏರುತ್ತಾ ಹೋಗುತ್ತವೆ. ಬೆಸ ನಂಬರು ಊರಿನ ಒಳಬದಿಯ ದಂಡೆಯಲ್ಲಿ, ಸಮ ನಂಬರು ಹೊರಬದಿಯಲ್ಲಿ. ನಾವು ಹೋಗುವುದೂ ಬ್ರೌವರ್ಸ್‌ಗ್ರಾಖ್ತ್‌ನಿಂದ ಆಮ್‌ಸ್ಟೆಲ್‌ಗೆ. ನಂಬರು ಏರುತ್ತಿದ್ದರೆ ದಾರಿ ಸರಿ, ಇಳಿಯುತ್ತಿದ್ದರೆ ತಿರುಗಿ. ನಮ್ಮಮ್ಮ ಇದನ್ನು ಐದು ನಿಮಿಷದಲ್ಲಿ ಹಿಡಿದುಕೊಂಡು, ಆಮೇಲೆ ಮುಂದೆ ಮುಂದೆ ಅವರೇ ನಡೆದರು.

ಹೆಜ್ಜೆ ಒಂದು: ಸ್ಟೇಷನ್ನಿನಿಂದ ಬ್ರೌವರ್ಸ್‌ಗ್ರಾಖ್ತ್‌ಗೆ

ಸೆಂಟ್ರಲ್ ಸ್ಟೇಷನ್ನಿಗೆ ಎರಡು ಬದಿಯಿದೆ. "ಸೆಂಟ್ರುಮ್" ಎಂದು ಬರೆದಿರುವ ಬಾಗಿಲಿನಿಂದ ಹೊರಬನ್ನಿ. ಸ್ವಲ್ಪ ದೂರ ಹೋಗಿ ಹಿಂದಿರುಗಿ ನೋಡಿ. 1889ರ ಕಟ್ಟಡ, ಪಿಯರ್ ಕಾಯ್ಪರ್ಸ್ ವಿನ್ಯಾಸ. ನೀರಿನ ನಡುವೆ ದ್ವೀಪ ಮಾಡಿ, 8,687 ಮರದ ಕಂಬಗಳನ್ನು ಕೆಸರಿನಲ್ಲಿ ಬಡಿದು ಅದರ ಮೇಲೆ ನಿಲ್ಲಿಸಿದ್ದಾರೆ. ಎರಡು ಗೋಪುರಗಳಲ್ಲೂ ಗಡಿಯಾರದಂಥದ್ದು ಕಾಣುತ್ತದೆ, ಆದರೆ ಎಡಗಡೆಯದು ಹೊತ್ತು ತೋರಿಸುವುದಿಲ್ಲ, ಗಾಳಿಯ ದಿಕ್ಕು ತೋರಿಸುತ್ತದೆ. ಹಡಗುಗಳಿಂದ ಬದುಕಿದ ಊರಿಗೆ ಅದೂ ಅಷ್ಟೇ ಮುಖ್ಯವಾಗಿತ್ತು.

ಎದುರಿನ ದೊಡ್ಡ ರಸ್ತೆಯಲ್ಲಿ ಜನಪ್ರವಾಹ ನೆಟ್ಟಗೆ ಡಾಮ್ ಚೌಕಕ್ಕೆ ಹೋಗುತ್ತದೆ. ಅದರ ಜೊತೆ ಹೋಗಬೇಡಿ. ಸ್ಟೇಷನ್ನಿಗೆ ಬೆನ್ನು ಮಾಡಿ ನಿಂತು ಬಲಕ್ಕೆ ತಿರುಗಿ. ಏಳೆಂಟು ನಿಮಿಷ ನಡೆದು ಸಿಂಗೆಲ್ ಕಾಲುವೆಯ ಸೇತುವೆ ದಾಟಿ ಎಡಕ್ಕೆ ಹೊರಳಿದರೆ ಬ್ರೌವರ್ಸ್‌ಗ್ರಾಖ್ತ್ ಶುರು.

ಬಿಯರ್ ಬಟ್ಟಿಯವರ ಕಾಲುವೆ ಇದು. ಸರಕು ದೋಣಿಯಲ್ಲಿ ಬಂದು ನೇರ ಗೋದಾಮಿಗೆ ಏರುತ್ತಿತ್ತು. ಆ ಗೋದಾಮುಗಳ ಗುರುತು ಸುಲಭ. ನಡುಮಧ್ಯದಲ್ಲಿ ಒಂದರ ಮೇಲೊಂದು ಮರದ ದೊಡ್ಡ ಬಾಗಿಲುಗಳು, ನೆತ್ತಿಯಲ್ಲಿ ಹೊರಚಾಚಿದ ತೊಲೆ, ತೊಲೆಯ ತುದಿಗೆ ಕೊಕ್ಕೆ. ಈಗ ಒಳಗೆಲ್ಲ ಮನೆಗಳು. ಕೊಕ್ಕೆ ಮಾತ್ರ ಇಡೀ ಊರಿನ ಹಳೆಯ ಮನೆಗಳಲ್ಲಿ ಉಳಿದಿದೆ, ಯಾಕೆಂದರೆ ಒಳಗಿನ ಮೆಟ್ಟಿಲು ಏಣಿಯಷ್ಟು ಕಡಿದು, ಮಂಚ ಬೀರು ಹೋಗುವುದಿಲ್ಲ. ಎಲ್ಲವೂ ಕಿಟಕಿಯಿಂದಲೇ ಒಳಹೋಗಬೇಕು. ಮನೆಗಳ ಮುಂಗೋಡೆ ಬೀದಿಯ ಕಡೆ ಬಾಗಿರುವುದು ಕಾಣುತ್ತದೆಯಲ್ಲ, ಅದು ಬೇಕೆಂದೇ ಕಟ್ಟಿದ್ದು. ಮೇಲೇರುವ ಸಾಮಾನು ಗೋಡೆಗೆ ತಾಗಬಾರದಲ್ಲ. ಮನೆ ಅಕ್ಕಪಕ್ಕಕ್ಕೆ ವಾಲಿದ್ದರೆ ಕಾರಣ ಬೇರೆ, ಅಡಿಯ ಮರದ ಕಂಬ ಕುಸಿದಿದೆ.

ಈ ಕಾಲುವೆ ವಾಯವ್ಯಕ್ಕೆ ಚಾಚಿದೆ. ಜೂನ್‌ನಲ್ಲಿ ಸೂರ್ಯ ಮುಳುಗುವುದೂ ಹೆಚ್ಚುಕಡಿಮೆ ಅತ್ತಲೇ, ಹಾಗಾಗಿ ಬೇಸಿಗೆಯಲ್ಲಿ ಕೊನೆಯ ಬೆಳಕು ನೀರಿನ ಉದ್ದಕ್ಕೂ ಹರಿದುಬರುತ್ತದೆ. ನಡೆಯುತ್ತ ಎಡಗಡೆಗೆ ಮೊದಲು ಹೇರೆನ್‌ಗ್ರಾಖ್ತ್, ಆಮೇಲೆ ಕೈಜರ್ಸ್‌ಗ್ರಾಖ್ತ್, ಕೊನೆಗೆ ಪ್ರಿನ್ಸೆನ್‌ಗ್ರಾಖ್ತ್ ಬಾಯ್ದೆರೆಯುತ್ತವೆ. ಒಂದೊಂದರ ಬಾಯಲ್ಲೂ ಒಂದು ನಿಮಿಷ ನಿಲ್ಲಿ. ಊರಿನ ನಕ್ಷೆ ತಲೆಯಲ್ಲಿ ಕೂರುವುದು ಹೀಗೆ.

ಹೆಜ್ಜೆ ಎರಡು: ಪ್ರಿನ್ಸೆನ್‌ಗ್ರಾಖ್ತ್, ಹೊರದಂಡೆಯಲ್ಲಿ

ಪ್ರಿನ್ಸೆನ್‌ಗ್ರಾಖ್ತ್ ಮೂಲೆಗೆ ಸೂರ್ಯಾಸ್ತಕ್ಕೆ ಸ್ವಲ್ಪ ಮುಂಚೆ ಬಂದಿದ್ದರೆ ನಿಮ್ಮ ಲೆಕ್ಕ ಪಕ್ಕಾ. ಇಲ್ಲಿ ಎರಡು ಸೇತುವೆಗಳು ಕೂಡುತ್ತವೆ. ನಂಬರ್ 2ರಲ್ಲಿ ಮೆಟ್ಟಿಲು ಮೆಟ್ಟಿಲಾದ ನೆತ್ತಿಯ ಹಳೆಯ ಕಟ್ಟಡ, ಪಾಪೆನ್‌ಐಲಾಂಡ್ ಕೆಫೆ. ಮನೆಯ ನೆತ್ತಿ ನೋಡಿ ಕಾಲ ಹೇಳಬಹುದು. ಮೆಟ್ಟಿಲಿನಾಕಾರ ಎಲ್ಲಕ್ಕಿಂತ ಹಳೆಯದು, 17ನೇ ಶತಮಾನದ ಮೊದಲ ಭಾಗದ್ದು. ನಡುವೆ ಮಾತ್ರ ಎತ್ತಿ ಕತ್ತಿನಂತೆ ಕಾಣುವುದು ಆಮೇಲಿನದು. ಗಂಟೆಯಂತೆ ಬಾಗಿ ಇಳಿಯುವುದು ಅದಕ್ಕೂ ಆಮೇಲಿನದು. ಮಕ್ಕಳು ಜೊತೆಗಿದ್ದರೆ ಮೂರನ್ನೂ ಹೇಳಿಕೊಡಿ, ದಾರಿಯುದ್ದಕ್ಕೂ ಎಣಿಸುತ್ತ ಬರುತ್ತಾರೆ.

ಸೇತುವೆ ದಾಟಿ ಸಮ ನಂಬರಿನ ದಂಡೆ ಹಿಡಿಯಿರಿ, ಅಂದರೆ ನೀರು ನಿಮ್ಮ ಎಡಗಡೆ ಇರಬೇಕು. ಕಾರಣವಿದೆ. ಇಳಿಬಿಸಿಲು ಬೀಳುವುದು ಪಶ್ಚಿಮಕ್ಕೆ ಮುಖ ಮಾಡಿದ ಎದುರು ಸಾಲಿನ ಮನೆಗಳ ಮೇಲೆ. ಕೆಳಗೆಲ್ಲ ನೆರಳು ತುಂಬಿರುವಾಗ ಮೇಲಿನ ನೆತ್ತಿಗಳಷ್ಟೇ ಕೆಂಪಗೆ ಉರಿಯುತ್ತಿರುತ್ತವೆ. ಅದು ಈ ದಂಡೆಯಲ್ಲಿ ನಿಂತವರಿಗೆ ಮಾತ್ರ ಕಾಣುತ್ತದೆ. ದಂಡೆ ಬದಲಿಸಿದರೆ ಆ ಮನೆಗಳ ಬುಡದಲ್ಲಿ ನಡೆಯುತ್ತೀರಿ, ಏನೂ ಕಾಣುವುದಿಲ್ಲ.

ಮೂರು ನಿಮಿಷಕ್ಕೆ ನೋರ್ಡರ್‌ಮಾರ್ಕ್ಟ್. 1623ರಲ್ಲಿ ಮುಗಿದ ನೋರ್ಡರ್‌ಕೆರ್ಕ್ ಇಗರ್ಜಿಯ ಸುತ್ತಲಿನ ಚೌಕ. ಶನಿವಾರ, ಸೋಮವಾರ ಹಗಲು ಸಂತೆ, ಸಂಜೆ ಖಾಲಿ. ಮೂಲೆಯ ವಿಂಕೆಲ್ 43ರಲ್ಲಿ ಆ್ಯಪಲ್ ಪೈ ತಿನ್ನುವುದಕ್ಕೆ ಹಗಲು ಸಾಲು ನಿಲ್ಲುತ್ತಾರೆ. ಮೊಟ್ಟೆ ತಿನ್ನದವರು ಯಾವ ಕೇಕಿಗೂ ಮೊದಲು ಕೇಳಿಕೊಳ್ಳಿ.

ಇಲ್ಲಿಂದ ಮುಂದೆ ಬಲಗಡೆಗೆ ಯೋರ್ಡಾನ್ ಬಡಾವಣೆ. ಒಂದು ಕಾಲಕ್ಕೆ ಕೂಲಿಕಾರರ, ಕಸುಬುದಾರರ ಕೇರಿ. ಎಗೆಲಂಟಿಯರ್ಸ್‌ಗ್ರಾಖ್ತ್, ಬ್ಲೂಮ್‌ಗ್ರಾಖ್ತ್ ಎಂಬ ಚಿಕ್ಕ ಕಾಲುವೆಗಳು ಒಳಗೆ ಹೊಕ್ಕಿವೆ. ಎಗೆಲಂಟಿಯರ್ಸ್‌ಗ್ರಾಖ್ತ್ ಒಳಗೆ ಇನ್ನೂರು ಹೆಜ್ಜೆ ಹೋಗಿ ಬನ್ನಿ. ಕಾಲುವೆ ಕಿರಿದು, ಮನೆಗಳು ಗಿಡ್ಡ, ಪ್ರವಾಸಿಗಳು ಕಡಿಮೆ. ಬಾಗಿಲ ಮುಂದೆ ಕಲ್ಲಿನ ಮೆಟ್ಟಿಲು, ಪಕ್ಕದಲ್ಲೊಂದು ಬೆಂಚು ಇರುತ್ತದೆ. ಅದಕ್ಕೆ ಇವರು "ಸ್ಟೂಪ್" ಅನ್ನುತ್ತಾರೆ. ಬೆಚ್ಚಗಿನ ಸಂಜೆಯಲ್ಲಿ ಮನೆಯವರು ಅಲ್ಲಿ ಬಂದು ಕೂರುತ್ತಾರೆ, ಎದುರು ಮನೆಯವರ ಜೊತೆ ಮಾತಾಡುತ್ತಾರೆ. ನಮ್ಮಪ್ಪ ಅದನ್ನು ನೋಡಿ, "ಇದು ಜಗಲಿ ಕಣೋ" ಅಂದರು. ಹೌದು, ಜಗಲಿಯೇ. ದಾಟುವಾಗ ಒಂದು "ಹೂಯೆನಾವಂಟ್" ಹೇಳಿ, ಶುಭ ಸಂಜೆ ಅಂತ. ತಲೆಯಾಡಿಸಿ ನಗುತ್ತಾರೆ. ಯಾರದೋ ಜಗಲಿಯ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವುದು ಬೇಡ.

ಕಿಟಕಿಗಳ ವಿಷಯವೂ ಹಾಗೆಯೇ. ಇಲ್ಲಿ ಬಹಳ ಮನೆಗಳಲ್ಲಿ ಕತ್ತಲಾದರೂ ಪರದೆ ಎಳೆಯುವುದಿಲ್ಲ. ದೀಪ, ಪುಸ್ತಕದ ಗೋಡೆ, ಮೇಜಿನ ಸುತ್ತ ಊಟಕ್ಕೆ ಕೂತವರು, ಎಲ್ಲವೂ ಬೀದಿಗೇ ಕಾಣುತ್ತದೆ. ನಡೆಯುತ್ತ ಕಣ್ಣಿಗೆ ಬಿದ್ದದ್ದನ್ನು ನೋಡಿ. ನಿಲ್ಲಬೇಡಿ, ಕ್ಯಾಮೆರಾ ಎತ್ತಬೇಡಿ.

ಹೆಜ್ಜೆ ಮೂರು: ವೆಸ್ಟರ್‌ಕೆರ್ಕ್ ಗಂಟೆ

ಪ್ರಿನ್ಸೆನ್‌ಗ್ರಾಖ್ತ್‌ಗೆ ಮರಳಿ ಮುಂದುವರಿದರೆ ಎದುರು ದಂಡೆಯಲ್ಲಿ ಸುಮಾರು 85 ಮೀಟರ್ ಎತ್ತರದ ವೆಸ್ಟರ್‌ಕೆರ್ಕ್ ಗೋಪುರ, ನೆತ್ತಿಯಲ್ಲಿ ನೀಲಿ ಕಿರೀಟ. ಚಿತ್ರಕಾರ ರೆಂಬ್ರಾಂಟ್‌ನನ್ನು 1669ರಲ್ಲಿ ಇದೇ ಇಗರ್ಜಿಯಲ್ಲಿ ಹೂಳಿದರು, ಎಲ್ಲಿ ಅಂತ ಗುರುತಿಲ್ಲ. ಅದರ ಪಕ್ಕದಲ್ಲೇ ನಂಬರ್ 263, ಆನ್ ಫ್ರಾಂಕ್ ಮನೆ. 1942ರ ಜುಲೈಯಿಂದ 1944ರ ಆಗಸ್ಟ್ 4ರವರೆಗೆ ನಾಜಿಗಳಿಂದ ತಪ್ಪಿಸಿಕೊಳ್ಳಲು ಆನ್ ಎಂಬ ಯಹೂದಿ ಹುಡುಗಿಯೂ ಸೇರಿ ಎಂಟು ಮಂದಿ ಹಿಂದಿನ ಕಟ್ಟಡದಲ್ಲಿ ಅಡಗಿದ್ದರು. ಯುದ್ಧ ಮುಗಿದ ಮೇಲೆ ಉಳಿದು ಬಂದದ್ದು ಆನ್‌ಳ ತಂದೆ ಒಬ್ಬರೇ. ಗೋಪುರದ ಗಂಟೆ ಕಾಲು ಗಂಟೆಗೊಮ್ಮೆ ಬಾರಿಸುತ್ತದೆ. ಮನೆಯವರಿಗೆ ಅದು ಒಗ್ಗಲಿಲ್ಲ, ತನಗೆ ಮಾತ್ರ ರಾತ್ರಿ ಹೊತ್ತು ಅದು ಧೈರ್ಯ ಕೊಡುತ್ತದೆ ಎಂದು ಆ ಹುಡುಗಿ ತನ್ನ ದಿನಚರಿಯಲ್ಲಿ ಬರೆದಿದ್ದಳು. ಹೊರದಂಡೆಯಲ್ಲಿ ನಿಂತು ಒಂದು ಸಲ ಗಂಟೆ ಬಾರಿಸುವವರೆಗೆ ಕಾಯಿರಿ. ಮಾತು ಬೇಡ.

ಒಳಗೆ ಹೋಗುವ ಆಸೆಯಿದ್ದರೆ ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ. ಆರು ವಾರ ಮುಂದಿನ ಟಿಕೆಟ್ಟುಗಳನ್ನು ಪ್ರತಿ ಮಂಗಳವಾರ ಬಿಡುತ್ತಾರೆ. ಆದರೆ ಅದನ್ನು ಈ ನಡಿಗೆಯ ದಿನವೇ ಇಟ್ಟುಕೊಳ್ಳಬೇಡಿ. ಆ ಮನೆಯಿಂದ ಹೊರಬಂದವರಿಗೆ ದೀಪದ ಸೊಗಸು ನೋಡುವ ಮನಸ್ಸಿರುವುದಿಲ್ಲ.

ಸೇತುವೆ ದಾಟಿ ಇಗರ್ಜಿಯ ಹಿಂದೆ ಹೋದರೆ ಕೈಜರ್ಸ್‌ಗ್ರಾಖ್ತ್ ದಂಡೆ. ಅಲ್ಲಿ ಗುಲಾಬಿ ಗ್ರಾನೈಟಿನ ದೊಡ್ಡ ತ್ರಿಕೋನವೊಂದು ಮೆಟ್ಟಿಲಾಗಿ ನೀರಿಗೆ ಇಳಿದಿದೆ. ಸಲಿಂಗಿಗಳೆಂಬ ಕಾರಣಕ್ಕೆ ಹಿಂಸೆಗೆ ಒಳಗಾದವರ ಸ್ಮಾರಕ ಅದು, 1987ರದ್ದು. ಬಹಳ ಜನ ಗೊತ್ತಿಲ್ಲದೆ ಅದರ ಮೇಲೆ ತಿಂಡಿ ಪೊಟ್ಟಣ ಬಿಚ್ಚುತ್ತಾರೆ. ಅಲ್ಲಿ ಹೂವಿಟ್ಟಿರುವುದನ್ನು ನೋಡಿ ನಡೆದುಕೊಳ್ಳಿ.

ಸೈಕಲ್, ನೀರಿನಂಚು, ಇನ್ನೆರಡು ಎಚ್ಚರಿಕೆ

ಇಲ್ಲಿಂದ ಕತ್ತಲು, ಹಾಗಾಗಿ ಈಗಲೇ ಹೇಳಿಬಿಡುತ್ತೇನೆ. ಕೆಂಪು ಬಣ್ಣದ ಪಟ್ಟಿ ಸೈಕಲ್ಲಿನ ದಾರಿ, ಅದರ ಮೇಲೆ ನಿಲ್ಲಬಾರದು. ಕಾಲುವೆ ಬದಿಯ ಇಟ್ಟಿಗೆ ಬೀದಿಗಳಲ್ಲಿ ಆ ಪಟ್ಟಿಯೂ ಇರುವುದಿಲ್ಲ. ಸೈಕಲ್, ಕಾರು, ನೀವು, ಎಲ್ಲರೂ ಅಲ್ಲೇ. ಸೈಕಲ್ಲುಗಳಿಗೆ ಸದ್ದಿಲ್ಲ, ವೇಗ ಮಾತ್ರ ಇದೆ. ನಾನು ಬಂದ ಮೊದಲ ವರ್ಷ ಗೋಪುರ ಪೂರ್ತಿ ಹಿಡಿಸಲೆಂದು ಫೋನ್ ಎತ್ತಿಕೊಂಡು ಮೂರು ಹೆಜ್ಜೆ ಹಿಂದಕ್ಕೆ ಇಟ್ಟೆ. ಮುಂದೆ ಮಗುವನ್ನು ಕೂರಿಸಿಕೊಂಡು ಬರುತ್ತಿದ್ದ ಹೆಂಗಸೊಬ್ಬರು ನನ್ನನ್ನು ತಪ್ಪಿಸಲು ಹೋಗಿ ಗೋಡೆಗೆ ಒರಗಿ ನಿಲ್ಲಬೇಕಾಯಿತು. ಮಗುವಿಗೆ ಏನೂ ಆಗಲಿಲ್ಲ. ಅಂದಿನಿಂದ ನನ್ನ ನಿಯಮ ಒಂದೇ: ಹಿಂದಕ್ಕೆ ಹೆಜ್ಜೆ ಇಡುವ ಮುಂಚೆ ತಿರುಗಿ ನೋಡುವುದು. ಬೆಲ್ ಕೇಳಿದರೆ ಗಾಬರಿಯಲ್ಲಿ ಅತ್ತಿತ್ತ ಹಾರಬೇಡಿ, ಹೋಗುತ್ತಿದ್ದ ಕಡೆಗೇ ನೆಟ್ಟಗೆ ಹೋಗಿ, ಅವರು ಸುತ್ತಿಕೊಂಡು ಹೋಗುತ್ತಾರೆ.

ಕಾಲುವೆಗೆ ಹೆಚ್ಚಿನ ಕಡೆ ಕಟಾಂಜನ ಇಲ್ಲ. ಚಿಕ್ಕ ಮಕ್ಕಳ ಕೈ ಬಿಡಬೇಡಿ, ಮನೆಗಳ ಬದಿಯಲ್ಲೇ ನಡೆಸಿ. ಕೆಲವು ಕಡೆ ದಂಡೆಗೆ ಬೇಲಿ ಹಾಕಿ ಕಬ್ಬಿಣದ ಆಸರೆ ಕೊಟ್ಟಿರುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಗ್ರಿಮ್‌ಬುರ್ಗ್‌ವಾಲ್ ಎಂಬಲ್ಲಿ ದಂಡೆಯ ಗೋಡೆಯೇ ನೀರಿಗೆ ಕುಸಿಯಿತು. ಶತಮಾನಗಳ ಹಿಂದೆ ಗಾಡಿ, ಕುದುರೆಗಳ ಲೆಕ್ಕದಲ್ಲಿ ಕಟ್ಟಿದ ಗೋಡೆಗಳು ಲಾರಿಯ ಭಾರ ಹೊರುತ್ತಿವೆ, ರಿಪೇರಿ ಊರೆಲ್ಲ ನಡೆಯುತ್ತಿದೆ. ದಾರಿ ಮುಚ್ಚಿದ್ದರೆ ಎದುರು ದಂಡೆಗೆ ದಾಟಿ.

"ಕಾಫಿಶಾಪ್" ಅಂತ ಬೋರ್ಡಿದ್ದರೆ ಅದು ಗಾಂಜಾ ಮಾರುವ ಜಾಗ. ಕಾಫಿ ಬೇಕಿದ್ದರೆ "ಕೆಫೆ" ಎಂದಿರುವಲ್ಲಿ ಹೋಗಿ. ಈ ದಾರಿ ಕೆಂಪು ದೀಪದ ಕೇರಿಗೆ ಹೋಗುವುದಿಲ್ಲ. ನೀವಾಗಿ ಹೋದರೆ, ಕಿಟಕಿಯಲ್ಲಿ ನಿಂತ ಹೆಂಗಸರ ಫೋಟೋ ತೆಗೆಯಲೇಬಾರದು. ಅದು ಅವರ ಕೆಲಸದ ಜಾಗ.

ಹೆಜ್ಜೆ ನಾಲ್ಕು: ಒಂಬತ್ತು ಓಣಿ, ಹೊಟ್ಟೆಗೊಂದಿಷ್ಟು

ಸ್ಮಾರಕದಿಂದ ಕೈಜರ್ಸ್‌ಗ್ರಾಖ್ತ್ ಹಿಡಿದು ಮುಂದೆ ಹೋದರೆ ಕಾಲುವೆಗಳನ್ನು ಅಡ್ಡ ಕತ್ತರಿಸುವ ಒಂಬತ್ತು ಪುಟ್ಟ ಓಣಿಗಳು. ಹೆಸರು ಕೇಳಿ: ಕರಡಿ ಓಣಿ, ತೋಳದ ಓಣಿ, ಚರ್ಮದ ಓಣಿ. ಹಿಂದೆ ಇಲ್ಲಿ ಚರ್ಮ ಹದಮಾಡುತ್ತಿದ್ದರು. ಅಂಗಡಿಗಳು ಸಂಜೆ ಆರೇಳಕ್ಕೆ ಮುಚ್ಚುತ್ತವೆ, ಗುರುವಾರ ಕೆಲವು ಮಾತ್ರ ತಡವಾಗಿ. ಮುಚ್ಚಿದ್ದೇ ಒಳ್ಳೆಯದು. ಕಿಟಕಿಯ ದೀಪ ಉಳಿದಿರುತ್ತದೆ, ಜನ ಇರುವುದಿಲ್ಲ. ಓಣಿಯೊಂದರಿಂದ ಹೇರೆನ್‌ಗ್ರಾಖ್ತ್‌ಗೆ ಹೋಗಿ, ಮುಂದಿನ ಓಣಿಯಿಂದ ಮರಳಿ ಕೈಜರ್ಸ್‌ಗ್ರಾಖ್ತ್‌ಗೆ ಬಂದು, ಹೀಗೆ ಹೊಲಿಗೆ ಹಾಕಿದಂತೆ ಸಾಗಿ. ಕಾಲುವೆ ಅಂಚಿನ ಮರಗಳು ಎಲ್ಮ್, ನಮ್ಮ ತಪಸಿ ಮರದ ಕುಟುಂಬದವು. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಅದೇ ಥರದ ಕಾಗದದಂಥ ದುಂಡು ಬೀಜಗಳು ಉದುರಿ ಇಟ್ಟಿಗೆ ಸಂದಿಗಳನ್ನೆಲ್ಲ ತುಂಬುತ್ತವೆ. ನೀರಿನಲ್ಲಿ ಕಪ್ಪು ಮೈ, ಬಿಳಿ ನಾಮದ ಹಕ್ಕಿ ಕಂಡರೆ ಅದು ನಮ್ಮ ಕೆರೆಗಳ ನಾಮದ ಕೋಳಿಯೇ. ಪ್ಲಾಸ್ಟಿಕ್ ಚೂರು, ಕಡ್ಡಿ ಸೇರಿಸಿ ದೋಣಿಮನೆಗಳ ಬದಿಯಲ್ಲಿ ಗೂಡು ಕಟ್ಟುತ್ತದೆ.

ಊಟದ ಮಾತು. ಇವರು ಆರಕ್ಕೇ ಉಣ್ಣುವವರು, ಹೋಟೆಲ್ ಅಡುಗೆಮನೆಗಳು ಒಂಬತ್ತು ಒಂಬತ್ತೂವರೆಗೆ ಮುಚ್ಚುತ್ತವೆ. ಬೇಸಿಗೆಯಲ್ಲಿ ನಡಿಗೆಗೆ ಮುಂಚೆಯೇ ಉಂಡುಬಿಡಿ. ಚಳಿಗಾಲದಲ್ಲಿ ನಡಿಗೆ ಮುಗಿಸಿ ಉಣ್ಣಿ. ನನ್ನ ಸಲಹೆ ಸುರಿನಾಮಿ ಅಂಗಡಿ. 1873ರಿಂದ ಭಾರತದ ಕೂಲಿಯಾಳುಗಳನ್ನು ಡಚ್ಚರ ವಸಾಹತಾದ ಸುರಿನಾಮಿಗೆ ಹಡಗಿನಲ್ಲಿ ಸಾಗಿಸಿದರು. 1975ರಲ್ಲಿ ಆ ದೇಶ ಸ್ವತಂತ್ರವಾದ ಹೊತ್ತಿಗೆ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಬಹಳ ಮಂದಿ ಇಲ್ಲಿಗೆ ಬಂದರು. "ಬಾರಾ" ಕೇಳಿ ತೆಗೆದುಕೊಳ್ಳಿ. ಉದ್ದಿನ ಹಿಟ್ಟಿಗೆ ಸೊಪ್ಪು ಸೇರಿಸಿ ಕರಿದದ್ದು, ನಡುವೆ ತೂತು, ಖಾರದ ಚಟ್ನಿ ಜೊತೆಗೆ. ಬಾಯಿಗಿಟ್ಟ ತಕ್ಷಣ ವಡೆಯ ನೆಂಟ ಅಂತ ಗೊತ್ತಾಗುತ್ತದೆ. ರೊಟ್ಟಿಯ ಜೊತೆ ಆಲೂಗಡ್ಡೆ, ಉದ್ದ ಅಲಸಂದೆ ಪಲ್ಯವೂ ಸಿಗುತ್ತದೆ. ಶುದ್ಧ ಸಸ್ಯಾಹಾರಿಗಳು ಎರಡು ವಿಷಯ ಗಮನಿಸಿ: ಕೆಲವು ಕಡೆ ಆಲೂ ಫ್ರೈಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಮತ್ತು ಇಲ್ಲಿನ ಚೀಸಿಗೆ ಬಹಳ ಸಲ ಕರುವಿನ ಹೊಟ್ಟೆಯ ಹೆಪ್ಪು ಹಾಕಿರುತ್ತಾರೆ. ಕೇಳಿದರೆ ಮುಚ್ಚಿಡದೆ ಹೇಳುತ್ತಾರೆ.

ಕುಡಿಯಲು "ಮುಂಟ್‌ತೇ" ಹೇಳಿ. ಬಿಸಿನೀರಿನ ಗಾಜಿನ ಲೋಟದಲ್ಲಿ ಪುದೀನದ ಕಂತೆಯನ್ನೇ ಇಳಿಸಿ ಕೊಡುತ್ತಾರೆ. ಚಳಿಗೆ ಎರಡೂ ಕೈಯಲ್ಲಿ ಹಿಡಿದು ಕೂರಬಹುದು.

ಹೆಜ್ಜೆ ಐದು: ಕಮಾನಿನ ಕೆಳಗಿನ ವೃತ್ತ

ಓಣಿಗಳು ಮುಗಿದ ಮೇಲೆ ಲೈಡ್ಸೆಗ್ರಾಖ್ತ್ ದಾಟಿ ಹೇರೆನ್‌ಗ್ರಾಖ್ತ್‌ಗೆ ಬನ್ನಿ. ಇಲ್ಲಿ ಕಾಲುವೆ ಬಾಗುತ್ತದೆ, "ಚಿನ್ನದ ತಿರುವು" ಎಂದು ಹೆಸರು. 17ನೇ ಶತಮಾನದ ಅತಿ ಸಿರಿವಂತರ ಅಗಲ ಮನೆಗಳು, ವಸಾಹತುಗಳ ವ್ಯಾಪಾರದಿಂದ ಬಂದ ದುಡ್ಡು. ಈಗ ಹೆಚ್ಚಿನವು ಕಚೇರಿ, ರಾತ್ರಿ ಕಿಟಕಿಗಳು ಕತ್ತಲು. ನಾನಿಲ್ಲಿ ಹೆಚ್ಚು ನಿಲ್ಲುವುದಿಲ್ಲ. ನಂಬರು 500 ದಾಟಿದ ಮೇಲೆ ನಿಧಾನ ಮಾಡಿ. ಮೇಯರ್ ಅವರ ಅಧಿಕೃತ ನಿವಾಸ 502. ಅದಾದ ಮೇಲೆ ಸ್ವಲ್ಪ ದೂರಕ್ಕೆ ಬಲಗಡೆ ರೆಗುಲಿಯರ್ಸ್‌ಗ್ರಾಖ್ತ್ ಕೂಡುತ್ತದೆ. ಸೂರ್ಯಾಸ್ತವಾಗಿ ಐವತ್ತು ನಿಮಿಷದ ಆಸುಪಾಸಿನಲ್ಲಿ ಇಲ್ಲಿರಬೇಕು. ಇಷ್ಟು ಹೊತ್ತಿನ ಲೆಕ್ಕಾಚಾರವೆಲ್ಲ ಈ ಮೂಲೆಗಾಗಿ.

ಸೇತುವೆಯ ಕಟ್ಟೆಗೆ ಒರಗಿ ರೆಗುಲಿಯರ್ಸ್‌ಗ್ರಾಖ್ತ್ ಉದ್ದಕ್ಕೆ ನೋಡಿ. ಕಲ್ಲಿನ ಕಮಾನು ಸೇತುವೆಗಳು ಒಂದರ ಹಿಂದೊಂದು ನೇರ ಸಾಲಿನಲ್ಲಿ ನಿಂತಿವೆ. ಒಟ್ಟು ಏಳು. ಏಳೂ ಒಂದೇ ಸಲಕ್ಕೆ ಕಾಣಬೇಕಾದರೆ ದೋಣಿಯಲ್ಲಿ, ನೀರಿನ ಮಟ್ಟದಲ್ಲಿ ಇರಬೇಕು. ಮೇಲಿನಿಂದ ಮೂರೋ ನಾಲ್ಕೋ ಕಾಣುತ್ತವೆ, ಅಷ್ಟು ಸಾಕು. ಪ್ರತಿ ಕಮಾನಿನ ಅಂಚಿಗೂ ಸಾಲು ಬಲ್ಬು ಜೋಡಿಸಿದ್ದಾರೆ. ಕಮಾನು ಅರ್ಧ ವೃತ್ತ. ಗಾಳಿಯಿಲ್ಲದಿದ್ದರೆ ನೀರಿನಲ್ಲಿ ಅದರ ಇನ್ನರ್ಧ ಮೂಡಿ ಪೂರ್ತಿ ಬಳೆಯಾಗುತ್ತದೆ. ದೊಡ್ಡ ಬಳೆಯೊಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು. ಆಗ ಒಂದು ದೋಣಿ ಬರುತ್ತದೆ. ಕೆಳಗಿನ ಅರ್ಧಗಳೆಲ್ಲ ಒಡೆದು ಹಳದಿ ಚೂರುಗಳಾಗಿ ದಂಡೆಗೆ ಬಡಿಯುತ್ತವೆ, ಮೇಲಿನ ಅರ್ಧ ಕದಲದೆ ನಿಂತಿರುತ್ತದೆ. ದೋಣಿ ಹೋದ ಮೇಲೆ ನೋಡುತ್ತಲೇ ಇರಿ. ಚೂರುಗಳು ಮೊದಲು ಉದ್ದ ಗೆರೆಗಳಾಗುತ್ತವೆ, ಗೆರೆಗಳು ನಡುಗುತ್ತ ಬಿಂದುಗಳಾಗುತ್ತವೆ, ಬಿಂದುಗಳು ಒಂದೊಂದಾಗಿ ತಮ್ಮ ಬಲ್ಬಿನ ಕೆಳಗೆ ಬಂದು ಕೂರುತ್ತವೆ. ನೀರು ಪೂರ್ತಿ ತಣಿಯಲು ಎರಡು ಮೂರು ನಿಮಿಷ ಬೇಕು. ಬಹಳ ಜನ ದೋಣಿಯ ಫೋಟೋ ತೆಗೆದು ಅಷ್ಟರಲ್ಲಿ ಹೊರಟುಹೋಗಿರುತ್ತಾರೆ.

ಫೋಟೋ ಬೇಕಿದ್ದರೆ ಫೋನನ್ನು ಕಟ್ಟೆಯ ಮೇಲೆ ಊರಿ, ಮೂರು ಸೆಕೆಂಡ್ ಟೈಮರ್ ಇಡಿ. ಫ್ಲ್ಯಾಷ್ ಬೇಡ. ಬಲ್ಬಿನ ಮೇಲೆ ಬೆರಳಿಟ್ಟು ಬೆಳಕು ತಗ್ಗಿಸಿ, ಇಲ್ಲದಿದ್ದರೆ ಆಕಾಶದ ನೀಲಿ ಬಿಳಿಚಿಕೊಳ್ಳುತ್ತದೆ. ಆಕಾಶ ಕಪ್ಪಾದ ಮೇಲೆ ತೆಗೆದ ಚಿತ್ರದಲ್ಲಿ ಮನೆಗಳ ನೆತ್ತಿಯೇ ಕಾಣುವುದಿಲ್ಲ, ಅದಕ್ಕೇ ಈ ಹೊತ್ತು.

ಹೆಜ್ಜೆ ಆರು: ಆಮ್‌ಸ್ಟೆಲ್, ಮತ್ತೆ ಮನೆಗೆ

ರೆಗುಲಿಯರ್ಸ್‌ಗ್ರಾಖ್ತ್ ಬದಿಯಲ್ಲಿ ಕೈಜರ್ಸ್‌ಗ್ರಾಖ್ತ್‌ವರೆಗೆ ಹೋಗಿ ಎಡಕ್ಕೆ ತಿರುಗಿ. ಉಟ್ರೆಖ್ಟ್ಸೆಸ್ಟ್ರಾಟ್ ರಸ್ತೆ ದಾಟುವಾಗ ಟ್ರಾಮ್ ನೋಡಿಕೊಳ್ಳಿ. ನಾಲ್ಕೈದು ನಿಮಿಷಕ್ಕೆ ಕಾಲುವೆ ಮುಗಿದು ಎದುರಿಗೆ ಆಮ್‌ಸ್ಟೆಲ್ ನದಿ ತೆರೆದುಕೊಳ್ಳುತ್ತದೆ. ಇಷ್ಟು ಹೊತ್ತು ಕಿರಿದಾದ ನೀರಿನ ಪಕ್ಕ ನಡೆದು ಬಂದವರಿಗೆ ಈ ಅಗಲ ಹಾಯೆನಿಸುತ್ತದೆ. ಬಲಕ್ಕೆ ತಿರುಗಿದರೆ ಮಾಖೆರೆ ಬ್ರುಖ್, ಅಂದರೆ ಬಡಕಲು ಸೇತುವೆ. ಮೊದಲು 1691ರಲ್ಲಿ ಕಟ್ಟಿದ್ದು, ಈಗಿನದು 1934ರದ್ದು. ಬಿಳಿ ಬಣ್ಣದ ಮರದ ತೂಗು ಹಲಗೆಗಳು ನಡುವಿನಿಂದ ಎರಡು ಕಡೆಗೆ ಮೇಲೇಳುತ್ತವೆ. ದೊಡ್ಡ ದೋಣಿ ಬಂದಾಗ ಗಂಟೆ ಬಾರಿಸಿ, ಗೇಟು ಇಳಿಸಿ, ಸೇತುವೆ ಎತ್ತುತ್ತಾರೆ. ಆ ಅದೃಷ್ಟ ನಿಮ್ಮದಾದರೆ ನಿಂತು ನೋಡಿ. ಇಡೀ ಚೌಕಟ್ಟಿಗೆ ಬಲ್ಬುಗಳಿವೆ. ಇದನ್ನು ಪೂರ್ತಿ ಕತ್ತಲಲ್ಲಿ ನೋಡಿದರೂ ನಷ್ಟವಿಲ್ಲ, ಅದಕ್ಕೇ ಕೊನೆಗಿಟ್ಟಿದ್ದು.

ಸೇತುವೆಯ ಮೇಲೆ ನಿಂತು ದಕ್ಷಿಣಕ್ಕೆ ನೋಡಿದರೆ ಕಾರ್ರೆ ರಂಗಮಂದಿರದ ದೀಪಗಳು, 1887ರ ಕಟ್ಟಡ. ಅದರ ಮುಂದೆ ನದಿಗೆ ಅಡ್ಡಲಾಗಿ ಹಳೆಯ ತೂಬಿನ ಗೇಟುಗಳು. ಇಷ್ಟೊಂದು ಕಾಲುವೆಯಿದ್ದೂ ಊರು ಯಾಕೆ ನಾರುವುದಿಲ್ಲ ಎಂದು ಅಪ್ಪ ಕೇಳಿದ್ದರು. ಉತ್ತರದ ಒಂದು ಭಾಗ ಅಲ್ಲಿದೆ. ಇಂಥ ಗೇಟುಗಳನ್ನು ಮುಚ್ಚಿ ತೆರೆದು, ಹೊರಗಿನಿಂದ ಹೊಸ ನೀರು ಹಾಯಿಸಿ, ಕಾಲುವೆಗಳನ್ನು ತೊಳೆಯುತ್ತಾರೆ.

ಸೇತುವೆ ದಾಟಿ ಎಡಕ್ಕೆ, ನದಿಯನ್ನು ಎಡಗೈ ಬದಿಗಿಟ್ಟುಕೊಂಡು ಹತ್ತು ನಿಮಿಷ ನಡೆದರೆ ವಾಟರ್ಲೂಪ್ಲೈನ್ ಮೆಟ್ರೋ ನಿಲ್ದಾಣ. ಅಲ್ಲಿಂದ ಸೆಂಟ್ರಲ್ ಎರಡನೇ ನಿಲ್ದಾಣ. ಆಮ್‌ಸ್ಟೆಲ್‌ವೇನ್ ಕಡೆಯವರು 51ನೇ ಮೆಟ್ರೋದಲ್ಲಿ ಜೌಡ್‌ವರೆಗೆ ಹೋಗಿ 25ನೇ ಟ್ರಾಮ್ ಹಿಡಿಯಿರಿ. ಕಾಲಿನಲ್ಲಿ ಇನ್ನೂ ಬಲ ಉಳಿದಿದ್ದರೆ ಸೆಂಟ್ರಲ್‌ನಲ್ಲಿ ಇಳಿದು ಸ್ಟೇಷನ್ನಿನ ಹಿಂಬದಿಗೆ ಹೋಗಿ. ಐ ಎಂಬ ಹಿನ್ನೀರಿನ ಆಚೆ ದಡ ಬೌಕ್ಸ್‌ಲೋಟರ್‌ವೆಖ್‌ಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ದೋಣಿ ಹೋಗುತ್ತದೆ, ದುಡ್ಡಿಲ್ಲ, ಐದು ನಿಮಿಷದ ಹಾದಿ. ಸೈಕಲ್ ಹಿಡಿದ ಜನರ ನಡುವೆ ನಿಂತು ಹೋಗಿ, ಇಳಿಯಿರಿ, ಮುಂದಿನ ದೋಣಿಯಲ್ಲೇ ವಾಪಸ್ ಬನ್ನಿ. ಮರಳುವಾಗ ಮುಂಭಾಗದ ಕಟಾಂಜನದ ಬಳಿ ಜಾಗ ಹಿಡಿಯಿರಿ.